ಮೊದಲು ಚಿಗವ್ವನ ತಲೆಗೆ

ಹಂಪಿಗೆ ಬರುವ ವಿದೇಶಿ ಹೆಂಗಸರೆಲ್ಲ ಬಂಗಾರದ ಬಣ್ಣದ ಕೂದಲು ಹೊತ್ತುಕೊಂಡೇ ಹುಟ್ಟುತ್ತಾರೆಂದು ಹತ್ತೊಂಬತ್ತು ತುಂಬುವವರೆಗೂ ನಂಬಿದ್ದವಳು ನಾನು. ನಗಬೇಡಿ. ನಮ್ಮ ಕಂಪ್ಲಿಯಲ್ಲಿ ತಲೆಕೂದಲಿಗೆ ಇದ್ದದ್ದು ಎರಡೇ ಬಣ್ಣ: ಕರಿ ಮತ್ತು ನರೆ. ನಡುವೆ ಯಾರದ್ದಾದರೂ ಕೆಂಪಗೆ ಕಂಡರೆ ಅದು ಮೆಹಂದಿ, ಇಲ್ಲವೇ ಎಣ್ಣೆ ಕಾಣದ ತಲೆ. ಅಷ್ಟೇ ನಮ್ಮ ಜ್ಞಾನ.

ಆ ನಂಬಿಕೆಯನ್ನು ಕಳಚಿದವಳು ಚಿಗವ್ವ, ನನ್ನ ಅವ್ವನ ಕೊನೆಯ ತಂಗಿ. ಅವಳ ಮನೆ ಹೊಸಪೇಟೆಯಲ್ಲಿ. ಡಿಗ್ರಿ ಓದಲೆಂದು ನಾನು ಮೂರು ವರ್ಷ ಅಲ್ಲೇ ಇದ್ದೆ. ಆಗ ಅದಿರಿನ ಸುಗ್ಗಿ. ಸಂಡೂರಿನ ಕಡೆಯಿಂದ ಲಾರಿಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು, ರಸ್ತೆ ದಾಟಬೇಕೆಂದರೆ ಜೀವ ಕೈಯಲ್ಲಿ ಹಿಡಿದು ಓಡಬೇಕಿತ್ತು. ಚಿಗಪ್ಪನೂ ಅಂಥದ್ದೇ ಒಂದು ಲಾರಿ ಓಡಿಸುತ್ತಿದ್ದರು. ಗಣಿಯಲ್ಲಿ ಅದಿರು ತುಂಬಿಕೊಂಡು ಬಂದರಿನ ದಾರಿ ಹಿಡಿದರೆ ನಾಲ್ಕೈದು ದಿನ ಮನೆ ಕಾಣುತ್ತಿರಲಿಲ್ಲ. ಬಂದಾಗ ಹುಬ್ಬಿನಿಂದ ಹಿಡಿದು ಬನಿಯನ್ನಿನವರೆಗೆ ಎಲ್ಲ ಕೆಂಪು.

ಚಿಗವ್ವ ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಒಂದು ತಿರುಗುವ ಕುರ್ಚಿ, ಒಂದು ನಿಲುವುಗನ್ನಡಿ, ಬಾಗಿಲಿಗೆ ಹೂವಿನ ಪರದೆ. ಬೋರ್ಡು ಮಾತ್ರ ಇರಲಿಲ್ಲ. "ಬೋರ್ಡ್ ಯಾಕಲೇ? ಬೆನ್ನ ಹಿಂದ ಇಟ್ಕೊಂಡು ಅಡ್ಡಾಡ್ತೀನಲ್ಲ" ಅನ್ನುತ್ತಿದ್ದಳು. ಸುಳ್ಳಲ್ಲ. ಅವಳ ಜಡೆ ಸೊಂಟ ದಾಟಿ ಇಳಿದಿತ್ತು, ದಪ್ಪ ನನ್ನ ಮುಂಗೈಯಷ್ಟು. ಕಾಯಿಪಲ್ಯದ ಸಂತೆಗೆ ಹೋದರೆ ಗುರುತಿಲ್ಲದ ಹೆಂಗಸರು ಹಿಂದೆಯೇ ಬಂದು, "ಏನ್ ಹಚ್ತೀರ್ರಿ ತಲಿಗೆ?" ಎಂದು ಕೇಳುತ್ತಿದ್ದರು. ಇವಳು ಮೆಹಂದಿ ಎನ್ನುತ್ತಿದ್ದಳು, ಮುಂದಿನ ವಾರ ಅವರು ನಮ್ಮ ಕುರ್ಚಿಯಲ್ಲಿ ಕುಳಿತಿರುತ್ತಿದ್ದರು.

ಅವಳ ಮೆಹಂದಿಗೆ ಒಂದು ಕ್ರಮವಿತ್ತು. ಚಹಾದ ಡಿಕಾಕ್ಷನ್ನು, ಲಿಂಬೆಹಣ್ಣಿನ ರಸ, ಮೆಹಂದಿ ಪುಡಿ ಮೂರನ್ನೂ ಕಬ್ಬಿಣದ ಬಾಣಲೆಯಲ್ಲಿ ಕಲಸಿ ಹಿಂದಿನ ದಿನವೇ ಮುಚ್ಚಿಡಬೇಕು. ಮರುದಿನಕ್ಕೆ ಅದು ಕಾಡಿಗೆಯಂತೆ ಕಪ್ಪಾಗಿರುತ್ತಿತ್ತು. ಸ್ಟೀಲಿನ ಪಾತ್ರೆಯಲ್ಲಿ ಕಲಸಿದರೆ ಬರುವ ಕಿತ್ತಳೆ ಬಣ್ಣ ಅವಳಿಗೆ ಸೇರದು. "ಕಬ್ಬಿಣ ಬಿಟ್ಟು ಕೊಡಬೇಕು, ಆಗ ಮೆಹಂದಿ ತಲ್ಯಾಗ ಕುಂದ್ರತೈತಿ" ಎಂಬುದು ಅವಳ ಶಾಸ್ತ್ರ. ನಮ್ಮ ಅಜ್ಜಿಯೂ ಹಾಗೆಯೇ ಕಲಸುತ್ತಿದ್ದಳಂತೆ.

ಇನ್ನೊಂದು ಕಟ್ಟಳೆ ಇತ್ತು. ನಾನು ಅವಳನ್ನು ಮೆಚ್ಚಿದ್ದು ಮೊದಲು ಅದಕ್ಕೇ. ಹೊಸದು ಏನೇ ಬರಲಿ, ಕ್ರೀಮಾಗಲಿ, ವ್ಯಾಕ್ಸಾಗಲಿ, ಮೊದಲು ಅವಳ ಮೈಗೆ, ಅವಳ ತಲೆಗೆ. ಆಮೇಲೆ ಗಿರಾಕಿಗೆ. ಒಂದು ಸಲ ಯಾವುದೋ ವ್ಯಾಕ್ಸ್ ಹಚ್ಚಿಕೊಂಡು ಮುಂಗೈಯೆಲ್ಲ ಬೊಬ್ಬೆ ಎದ್ದಿತ್ತು. ನಾನು ಬೈದೆ. ಅವಳು ಕೈಗೆ ಎಣ್ಣೆ ಸವರಿಕೊಳ್ಳುತ್ತಲೇ, "ಮಂದಿ ಮೈ ಅಂದ್ರ ನಮ್ಮ ಹೊಲಾ ಏನಲೇ, ಬೆಳೀತೈತೋ ಇಲ್ಲೋ ಅಂತ ಬಿತ್ತಿ ನೋಡಾಕ?" ಅಂದಳು. ಎಷ್ಟೋ ದೊಡ್ಡ ದೊಡ್ಡ ಓದು ಓದಿದವರನ್ನು ಆಮೇಲೆ ಕಂಡಿದ್ದೇನೆ. ಇಷ್ಟು ನೆಟ್ಟಗೆ ಮಾತಾಡಿದವರು ಕಡಿಮೆ.

ಭಾನುವಾರ ಪಾರ್ಲರಿಗೆ ರಜೆ ಕೊಟ್ಟು ಅವಳು ಹಂಪಿಗೆ ಹೋಗುತ್ತಿದ್ದಳು. ಅಲ್ಲಿ ಪರಿಚಯದವರ ಗೆಸ್ಟ್ ಹೌಸಿನ ಜಗಲಿಯ ಮೇಲೆ ಚಾಪೆ ಹಾಸಿ ವಿದೇಶಿಯರ ಕೈಗೆ ಮೆಹಂದಿ ಬಿಡಿಸುವುದು. ನಾನು ದುಭಾಷಿ. ನನ್ನ ಇಂಗ್ಲಿಷ್ ಎಂಥದ್ದೆಂದು ದೇವರಿಗೇ ಗೊತ್ತು, ಆದರೂ ಧೈರ್ಯಕ್ಕೆ ಕೊರತೆ ಇರಲಿಲ್ಲ. ಒಂದು ಭಾನುವಾರ ಹೊಂಗೂದಲಿನ ಹೆಂಗಸೊಬ್ಬಳು ಕೈ ಚಾಚಿ ಕುಳಿತು, ವಿನ್ಯಾಸ ನೋಡಲೆಂದು ತಲೆ ಬಗ್ಗಿಸಿದಳು. ಚಿಗವ್ವನ ಕೈ ಗಕ್ಕನೆ ನಿಂತಿತು.

"ಲೇ, ಇಲ್ಲಿ ನೋಡು. ಬುಡದಾಗ ಕರ್ರಗೈತಿ!"

ನಿಜ. ಬೈತಲೆಯ ಎರಡೂ ಕಡೆ ಬೆರಳಗಲ ನಮ್ಮಂತೆಯೇ ಕಪ್ಪು, ಅಲ್ಲಿಂದ ಮುಂದೆ ಬಂಗಾರ. ಕೇಳು ಕೇಳು ಎಂದು ಚಿಗವ್ವ ಮೊಣಕೈಯಿಂದ ತಿವಿದಳು. ಕೇಳಿದೆ. ಆಕೆ ನಕ್ಕು, ಒಳಗೆ ಹೋಗಿ ಚೀಲದಿಂದ ಕಂದು ಬಣ್ಣದ ಪುಟ್ಟ ಬಾಟಲಿ ತಂದಳು. ಮನೆಯಲ್ಲಿ ತಾನೇ ಹಚ್ಚಿಕೊಂಡು ಬಿಸಿಲಲ್ಲಿ ಕೂರುತ್ತಾಳಂತೆ. ಚಿಗವ್ವ ಮುಚ್ಚಳ ತೆಗೆದು ಮೂಸಿದಳು, ತನ್ನ ಉಗುರಿನ ಬದಿಯಲ್ಲಿ ಸುಲಿದಿದ್ದ ಗಾಯಕ್ಕೆ ಒಂದು ಹನಿ ಬಿಟ್ಟಳು. ಬುಸ್ಸೆಂದು ಬಿಳಿ ಬುರುಗು ಎದ್ದಿತು.

"ಅಯ್ಯ ನಮ್ಮವ್ವಾ! ಇದು ನಿಮ್ಮ ಚಿಗಪ್ಪನ ಬುರುಗಿನ ಔಷಧಿ ಅಲ್ಲೇನಲೇ!"

ಹೌದು, ಅದೇ. ಲಾರಿಯ ಹಗ್ಗ ಬಿಗಿಯುವಾಗ, ಹಲಗೆ ಎತ್ತುವಾಗ ಕೈ ಕಾಲು ತರಚಿದರೆ ಗಾಯ ತೊಳೆಯಲು ಚಿಗಪ್ಪ ಇಟ್ಟುಕೊಂಡಿದ್ದ ಪೆರಾಕ್ಸೈಡ್. ಒಂದು ಬಾಟಲಿ ಲಾರಿಯಲ್ಲಿ, ಇನ್ನೊಂದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಹಿಂಗಿನ ಡಬ್ಬಿಯ ಪಕ್ಕ. ಬಂಗಾರದ ತಲೆಯ ಗುಟ್ಟು ನಮ್ಮ ಮನೆಯ ಕಿಟಕಿಯಲ್ಲೇ ಧೂಳು ತಿನ್ನುತ್ತ ಕುಳಿತಿತ್ತು! ಬಸ್ಸಿನಲ್ಲಿ ಹೊಸಪೇಟೆ ಮುಟ್ಟುವವರೆಗೂ ನಾವಿಬ್ಬರೂ ನಕ್ಕೆವು.

ಅಲ್ಲಿಗೆ ಬಿಟ್ಟಿದ್ದರೆ ಇದು ನಗುವ ಕಥೆಯಾಗಿಯೇ ಉಳಿಯುತ್ತಿತ್ತು. ಆದರೆ ಅದೇ ತಿಂಗಳು ಸಂಡೂರಿನಿಂದ ತಾಯಿ ಮಗಳು ಬಂದರು. ಒಂದೆರಡು ಲಾರಿಯಿಂದ ಶುರುಮಾಡಿ ಏಕಾಏಕಿ ಮೇಲೆ ಬಂದ ಮನೆ. ಮಗಳು ಐದು ವರ್ಷಗಳಿಂದ ನಮ್ಮ ಮೆಹಂದಿಯ ಗಿರಾಕಿ, ಒಳ್ಳೆಯ ಉದ್ದ ಕೂದಲು. ಈಗ ಅವಳ ಮದುವೆ ಗೊತ್ತಾಗಿತ್ತು. ಮದುಮಗಳ ಜೊತೆಗೆ ಅವರ ಮನೆಯ ಹೆಂಗಸರೆಲ್ಲರ ಅಲಂಕಾರವನ್ನೂ ಚಿಗವ್ವನೇ ಮಾಡಬೇಕೆಂದು ತಾಯಿ ಹೇಳಿದರು. ಅಂಥ ಮನೆಯ ಮದುವೆ ಮಾಡಿದರೆ ಸಂಡೂರಿನ ಅಷ್ಟೂ ಮನೆಗಳ ಬಾಗಿಲು ತೆರೆದ ಹಾಗೆ. ಮುಂದಿನ ಕೋಣೆ ಬಿಟ್ಟು ಪೇಟೆಯಲ್ಲೊಂದು ಅಂಗಡಿ ಹಿಡಿಯಬೇಕೆಂಬುದು ಚಿಗವ್ವನ ಹತ್ತು ವರ್ಷದ ಆಸೆ. ಕೆಲಸ ಕೆಟ್ಟರೂ ಅಷ್ಟೇ, ಇದ್ದ ಹೆಸರೂ ಹೋಗುತ್ತಿತ್ತು. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮದುಮಗಳಿಗೆ ಒಂದೇ ಹಟ: ರಿಸೆಪ್ಶನ್ನಿಗೆ ಕೂದಲಲ್ಲಿ ಅಲ್ಲಲ್ಲಿ ಬಂಗಾರದ ಎಳೆ ಬೇಕು. ಅವಳ ತಾಯಿ, "ಕರೀ ಕೂದಲಕ್ಕ ಏನ್ ರೋಗ ಬಂದೈತಿ?" ಎಂದು ಸಿಡುಕಿದರು. ಚಿಗವ್ವ, "ಹದಿನೈದು ದಿನ ಟೈಮ್ ಕೊಡ್ರಿ. ಮೊದಲ ನನ್ನ ತಲೀದು ಒಂದ್ ಎಳಿಗೆ ಹಾಕಿ ನೋಡಿ ಹೇಳ್ತೀನಿ" ಅಂದಳು.

ಮೊದಲ ಪರೀಕ್ಷೆಗೆ ಅಡುಗೆಮನೆಯ ಬಾಟಲಿಯೇ ಸಾಕಾಯಿತು. ಚಿಗವ್ವನ ಎಡಗಿವಿಯ ಹಿಂದಿನ ಒಂದು ಎಳೆಯನ್ನು ಹತ್ತಿಯಿಂದ ನೆನೆಸಿದೆ. ಅವಳು ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿ ಕಾಯುವವರಂತೆ ಒಂದು ತಾಸು ಕುಳಿತಳು. ಹೊಸಪೇಟೆಯ ಬಿಸಿಲಿಗೆ ಬೇರೆ ಕೆಲಸವೇನಿತ್ತು? ಎಳೆ ತೊಳೆದು ನೋಡಿದರೆ ಜೋನಿ ಬೆಲ್ಲದ ಬಣ್ಣ! ಬಂಗಾರವಲ್ಲ, ಆದರೆ ಚೆಲುವಾಗಿತ್ತು. "ಸ್ವಲ್ಪ ಬೆಚ್ಚಗಾಗಿತ್ತು ನೋಡು" ಅಂದಳು. ಬಿಸಿಲಿಗೆ ಇರಬೇಕೆಂದು ನಾನು ಅಂದೆ. ಆ ಬಾಟಲಿ ತೆರೆದು ಎಷ್ಟು ಕಾಲವಾಗಿತ್ತೋ, ಅದರ ಸತ್ವ ಮುಕ್ಕಾಲು ಸೋರಿಹೋಗಿತ್ತು ಎಂದು ಆಗ ಯಾರಿಗೆ ಗೊತ್ತು?

ಬೆಲ್ಲದ ಬಣ್ಣ ಮದುಮಗಳಿಗೆ ಹಿಡಿಸಲಿಲ್ಲ. ಫೋನಿನಲ್ಲಿ ಮುಖ ಊದಿಸಿಕೊಂಡದ್ದು ಇಲ್ಲಿಗೇ ಕೇಳಿಸಿತು. ನಾನು ಜಾಣೆ ನೋಡಿ, ಪಾರ್ಲರ್ ಸಾಮಾನು ಮಾರುವ ಅಂಗಡಿಗೆ ಹೋಗಿ ಅದೇ ಔಷಧಿಯ ಗಟ್ಟಿ ಬಾಟಲಿ ತಂದೆ. ಚಿಗವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಹೊಸ ಬಾಟ್ಲಿ, ಹೊಸ ಪರೀಕ್ಷಾ. ಒಂದಾ ಎಳಿ, ತಿಳೀತಾ? ಒಂದಾ" ಅಂದಳು. ಬೆರಳೆತ್ತಿ ತೋರಿಸಿದಳು ಕೂಡ.

ನನಗೆ ಆಗ ಯಾವ ಭೂತ ಹೊಕ್ಕಿತ್ತೋ! ಒಂದು ಎಳೆಯಲ್ಲಿ ಏನು ಕಂಡೀತು, ನಾಲ್ಕು ಬೆರಳಗಲ ಹಚ್ಚಿ ಬಂಗಾರದ ಪಟ್ಟಿಯನ್ನೇ ಎಳೆದು ತೋರಿಸಿದರೆ ಅವಳೇ ಬೆರಗಾಗುತ್ತಾಳೆ ಅಂದುಕೊಂಡೆ. ಅವಳಿಗೆ ಬೆನ್ನು ಕಾಣುವುದಿಲ್ಲವಲ್ಲ. ಹಿಂದಲೆಯ ನಡುವೆಯೇ ಹಿಡಿಗೂದಲು ತೆಗೆದುಕೊಂಡು, ಬುಡದಿಂದ ನಾಲ್ಕು ಬೆರಳು ಬಿಟ್ಟು ಚೆನ್ನಾಗಿ ನೆನೆಸಿದೆ. ಹಂಪಿಯಾಕೆ ಹೇಳದಿದ್ದರೂ ನನ್ನ ಸ್ವಂತ ಬುದ್ಧಿಯಿಂದ ಚಪಾತಿ ಕಟ್ಟುವ ಫಾಯಿಲಿನಲ್ಲಿ ಸುತ್ತಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನನ್ನಂಥ ಹುಡುಗಿಯನ್ನು ನೋಡಿಯೇ ಆ ಮಾತು ಮಾಡಿರಬೇಕು.

ಐದು ನಿಮಿಷವೂ ಆಗಿರಲಿಲ್ಲ. "ಯಾಕಲೇ, ಬೆನ್ನಿಗೆ ಬಿಸಿ ಬಿಸಿ ತಾಗ್ತೈತಿ" ಅಂದಳು. ಫಾಯಿಲ್ ಮುಟ್ಟಿದೆ. ಬೆರಳು ಚುರ್ರೆಂದಿತು. ಬಿಚ್ಚಿದರೆ ಒಳಗೆ ಸೊರಸೊರ ಸದ್ದು, ಬುರುಗು, ಹಬೆ, ಕೂದಲು ಕಮರಿದ ವಾಸನೆ. ಕೊಡದ ನೀರು ತಂದು ಸುರಿದೆ, ಮತ್ತೆ ಸುರಿದೆ. ನೀರಿನ ಜೊತೆಗೆ ಕೂದಲೂ ನನ್ನ ಕೈಗೆ ಬಂತು. ನೆನೆದ ಶಾವಿಗೆಯಂತೆ ಮೆತ್ತಗೆ, ಎಳೆದ ಕಡೆ ತುಂಡಾಗಿ, ಹಿಡಿಗಟ್ಟಲೆ.

"ಎಷ್ಟು ಹಚ್ಚಿದ್ದಿ?" ಎಂದು ಚಿಗವ್ವ ಕೇಳಿದಳು.

"ಸ್ವಲ್ಪಾ..." ಅಂದೆ.

ಅವಳು ಕೈಯನ್ನು ಹಿಂದಕ್ಕೆ ಒಯ್ದು ಹಿಂದಲೆಯನ್ನು ನಿಧಾನಕ್ಕೆ ತಡವಿದಳು. ಎಲ್ಲಿಂದ ಎಲ್ಲಿಯವರೆಗೆ ಹೋಗಿದೆಯೆಂದು ಬೆರಳಿಗೆ ತಿಳಿಯಿತು. ಬಾಯಿಗೆ ಬಂದಂತೆ ಬೈದಿದ್ದರೆ, ಎರಡು ಕೊಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಎದ್ದು ಒಳಗೆ ಹೋದಳು.

ಅಳುತ್ತಿದ್ದಾಳೆಂದು ನಾನು ಹಿಂದೆಯೇ ಹೋದೆ. ಅವಳು ಅಡುಗೆಮನೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಆ ಗಟ್ಟಿ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದಳು. ಹಸಿ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಂದೆ ಸ್ಟೀಲಿನ ಬಟ್ಟಲಲ್ಲಿ ಬರೀ ಮೆಹಂದಿ ಪುಡಿ ಕಲಸಿಟ್ಟಿದ್ದಳು, ಅದಕ್ಕೆ ಹನಿ ಬಿಟ್ಟಳು. ನಾಲ್ಕು ಗುಳ್ಳೆ ಎದ್ದು ಸುಮ್ಮನಾಯಿತು. ಬಾಣಲೆಯ ತಳಕ್ಕೆ ಅಂಟಿದ್ದ ಕಪ್ಪು ಮೆಹಂದಿಗೆ ಅಷ್ಟೇ ಹನಿ ಬಿಟ್ಟಳು. ಅದು ಹಾಲುಕ್ಕಿದಂತೆ ಭರ್ರೆಂದು ಉಕ್ಕಿತು. ಬಟ್ಟಲು ಮುಟ್ಟಿ ನೋಡಿದಳು, ಬಾಣಲೆ ಮುಟ್ಟಿ ನೋಡಿದಳು. ಬಾಣಲೆ ಬಿಸಿಯಾಗಿತ್ತು.

"ಕಬ್ಬಿಣ" ಅಂದಳು. "ನನ್ನ ತಲ್ಯಾಗ ಇಪ್ಪತ್ತು ವರ್ಷದ ಕಬ್ಬಿಣ ಕುಂತೈತಿ. ಇದಕ್ಕೂ ಅದಕ್ಕೂ ಆಗಿಬರಂಗಿಲ್ಲ."

ನಾನು ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿದವಳು! ಏಳನೆಯ ತರಗತಿಗೆ ಶಾಲೆ ಬಿಟ್ಟ ಚಿಗವ್ವ, ಇಪ್ಪತ್ತು ವರ್ಷದ ಬಂಡವಾಳದಂಥ ಜಡೆ ಹೋದ ಅರ್ಧ ತಾಸಿನೊಳಗೆ ಕಾರಣ ಹುಡುಕುತ್ತ ಕುಳಿತಿದ್ದಳು, ಸಿಕ್ಕ ಮೇಲೇ ಎದ್ದಳು. ಆಮೇಲೆ ನಾನು ಕಾಲೇಜಿನ ಮೇಡಂ ಒಬ್ಬರನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು, ಇನ್ನಷ್ಟು ಉದ್ದಕ್ಕೆ ಹೇಳಿದರು ಅಷ್ಟೇ.

ಎದ್ದವಳೇ ಕನ್ನಡಿಯ ಮುಂದೆ ಕುಳಿತು ಕತ್ತರಿ ಕೈಗೆ ತೆಗೆದುಕೊಂಡಳು. ಹಿಂದಲೆಯ ನಡುವಿನ ಕೂದಲು ಬುಡದಿಂದ ನಾಲ್ಕು ಬೆರಳಿಗೆ ತುಂಡಾಗಿತ್ತು, ಉಳಿದದ್ದನ್ನು ಅದಕ್ಕೆ ಸರಿಹೊಂದಿಸದೆ ಗತಿಯಿರಲಿಲ್ಲ. ಮುಂದಿನದನ್ನೆಲ್ಲ ತಾನೇ ಕತ್ತರಿಸಿದಳು, ಹಿಂದಿನದನ್ನು ಪಕ್ಕದ ಮನೆಯಾಕೆಯನ್ನು ಕರೆದು ಮಾಡಿಸಿಕೊಂಡಳು. ನನ್ನನ್ನು ಕರೆಯಲಿಲ್ಲ. ಆಕೆ ಗಲ್ಲಕ್ಕೆ ಕೈಯಿಟ್ಟು, "ಯವ್ವಾ, ಯಾರ ಕಣ್ಣು ಬಿತ್ತವ್ವಾ!" ಎಂದು ಅತ್ತೇಬಿಟ್ಟಳು. ಚಿಗವ್ವ, "ಕಣ್ಣೂ ಇಲ್ಲ ಮಣ್ಣೂ ಇಲ್ಲ. ಹೊಸಾ ಔಷಧಿ ಹಾಕ್ಕೊಂಡು ನಾನಾ ಮಾಡ್ಕೊಂಡೀನಿ" ಅಂದಳು. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಾಗುವುದು ಕೂದಲು ಸುಟ್ಟಿದ್ದಕ್ಕಲ್ಲ, ಆ ಒಂದು ಗಳಿಗೆಗೆ.

ಆ ವಾರ ಓಣಿಯಲ್ಲಿ ಅದೇ ಮಾತು. ಬೋರ್ಡು ಬಿತ್ತು ಎಂದು ನಕ್ಕವರೂ ಇದ್ದರು. ಚಿಗಪ್ಪ ಬಂದರಿನಿಂದ ಬಂದವರು ಬಾಗಿಲಲ್ಲೇ ನಿಂತು ಒಂದು ನಿಮಿಷ ನೋಡಿ, "ಛಲೋ ಕಾಣಸ್ತಿ ಬಿಡು, ಹುಡುಗಿ ಆದಂಗ ಆಗೀದಿ" ಅಂದರು. ಚಿಗವ್ವ ಆಗ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹದಿನೈದು ದಿನದ ಗಡುವು ಮುಗಿದು ಸಂಡೂರಿನ ತಾಯಿ ಮಗಳು ಬಂದರು. ತಲೆಗೆ ಸೆರಗು ಹೊದ್ದುಕೋ ಎಂದು ನಾನು ಬೇಡಿಕೊಂಡಿದ್ದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೇ ಹೋಗಿ, "ಬರ್ರಿ, ಕುಂದ್ರಿ" ಅಂದಳು. ಇಬ್ಬರೂ ಅವಳ ತಲೆ ನೋಡಿ ಕುಳಿತುಕೊಳ್ಳುವುದನ್ನೇ ಮರೆತರು. ನಾನು ಒಳಗೆ ಪರದೆಯ ಹಿಂದೆ ನಿಂತಿದ್ದೆ.

ಚಿಗವ್ವ ಔಷಧಿ ಕೂದಲನ್ನು ಸುಟ್ಟದ್ದು ಹೇಗೆಂದು ಹೇಳಿದಳು. ಬಾಣಲೆಯನ್ನೇ ತಂದು ಮುಂದಿಟ್ಟು ಹನಿ ಬಿಟ್ಟು ತೋರಿಸಿದಳು. "ನಿಮ್ಮ ಮಗಳ ತಲಿಗೂ ಐದು ವರ್ಷ ಇದಾ ಬಾಣಲಿ ಮೆಹಂದಿ ಹಚ್ಚೀನ್ರಿ. ಮ್ಯಾಲೆ ನಿಮ್ಮೂರ ಕಬ್ಬಿಣದ ಧೂಳು ಬ್ಯಾರೆ. ಬಣ್ಣ ಬ್ಯಾಡ್ರಿ. ನಾ ಹಚ್ಚಂಗಿಲ್ಲ, ಬ್ಯಾರೆ ಯಾರ ಕಡೆನೂ ಹಚ್ಚಿಸಬ್ಯಾಡ್ರಿ."

ತಾಯಿ ಬಗ್ಗಿ ಬಾಣಲೆಯನ್ನು ಮುಟ್ಟಿ ನೋಡಿದರು. ಆಮೇಲೆ, "ಒಂದ್ ಎಳಿ ಅಂತ ಹೇಳಿದ್ರಲ್ರಿ. ಇಷ್ಟೂ ಹೆಂಗ ಹೋತು? ಯಾರು ಹಚ್ಚಿದ್ರು?" ಎಂದು ಕೇಳಿದರು.

"ನಾನಾ ಹಚ್ಕೊಂಡೆರಿ. ಸ್ವಲ್ಪ ಜಾಸ್ತಿ ಆತು."

ನನ್ನ ತಪ್ಪನ್ನು ಅವಳು ಎರಡನೆಯ ಸಲ ಹೊತ್ತುಕೊಳ್ಳುತ್ತಿದ್ದಳು, ಅದೂ ಈ ಹೆಂಗಸಿನ ಮುಂದೆ, ಹೆಸರೊಂದೇ ಉಳಿದಿರುವಾಗ. ಪರದೆ ಸರಿಸಿ ಹೊರಗೆ ಬಂದೆ. "ಆಕಿ ಅಲ್ರಿ, ನಾನು. ಒಂದಾ ಎಳಿ ಅಂತ ಬಡ್ಕೊಂಡಿದ್ಲು. ಆಕಿಗೆ ಕಾಣದಂಗ ನಾನಾ ಇಷ್ಟು ಹಚ್ಚಿದೆ" ಎಂದು ಕೈಯಗಲಿಸಿ ತೋರಿಸಿದೆ.

ತಾಯಿ ಎದ್ದು ನಿಂತರು. "ನೀವು ಬರ್ರಿ ಮದುವಿಗೆ. ಈ ಹುಡುಗಿ ಮಾತ್ರ ನನ್ನ ಮಗಳ ತಲಿ ಮುಟ್ಟಬಾರ್ದು."

ಸರಿಯಾದ ಮಾತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹೂಂ ಅನ್ನು ಚಿಗವ್ವ, ಹೂಂ ಅನ್ನು ಎಂದು ಮನಸ್ಸಿನಲ್ಲೇ ಕೈಮುಗಿದೆ.

"ಆಕಿ ಬರದಿದ್ರ ನಾನೂ ಬರಂಗಿಲ್ರಿ" ಅಂದಳು ಚಿಗವ್ವ. "ಮಾತು ಕೇಳಲಿಲ್ಲ, ತಪ್ಪಾತು, ಖರೇ. ಆದ್ರ ಯಾರೂ ಕರೀದಾ ಹೊರಗ ಬಂದು ಹೇಳಿದ್ಲು ನೋಡ್ರಿ. ಹೇಳೋ ಮಂದಿ ಕೈಯಾಗ ತಲಿ ಕೊಡಬಹುದು. ಮುಚ್ಚಿಡೋರ ಕೈಯಾಗ ಕೊಡಬಾರ್ದು."

"ಫೋನ್ ಮಾಡ್ತೀವಿ" ಎಂದು ತಾಯಿ ಮಗಳನ್ನು ಕರೆದುಕೊಂಡು ಹೊರಟುಹೋದರು. ಗಾಡಿಯ ಸದ್ದು ಓಣಿ ದಾಟಿತು. ಆಮೇಲೆ ನಾನು ಜಗಳಕ್ಕೇ ಬಿದ್ದೆ. ಹುಚ್ಚಿ ಏನು ನೀನು, ಕೈಗೆ ಬಂದದ್ದನ್ನು ಒದ್ದೆಯಲ್ಲ, ನನಗಾಗಿ ಯಾಕೆ ಒದ್ದೆ ಎಂದು ಕೂಗಾಡಿದೆ. ಅವಳು ಬಾಣಲೆ ಎತ್ತಿಕೊಂಡು, "ಬಾಯಿ ಮುಚ್ಚಿ ಚಾ ಇಡು" ಅಂದಳು.

ಫೋನು ಬಂದದ್ದು ನಾಲ್ಕನೆಯ ದಿನ. ಮಾತಾಡಿದವಳು ಮದುಮಗಳು. "ಇಬ್ರೂ ಬರ್ಬೇಕಂತ್ರಿ, ಅವ್ವ ಹೇಳ್ಯಾಳ. ಬಣ್ಣ ಬ್ಯಾಡ್ರಿ, ಮೊಗ್ಗಿನ ಜಡಿ ಹಾಕ್ರಿ" ಅಂದಳು. ಫೋನಿಟ್ಟು ಚಿಗವ್ವ ನನ್ನ ಬೆನ್ನಿಗೊಂದು ಗುದ್ದಿದಳು. ಅಷ್ಟು ದಿನದಿಂದ ನಾನು ಕಾಯುತ್ತಿದ್ದ ಗುದ್ದು ಅದು.

ಮದುವೆಯ ದಿನ ಬೆಳಿಗ್ಗೆ ಸಂಡೂರಿನ ಅವರ ಮನೆಯ ಕೋಣೆಯೊಂದರಲ್ಲಿ ಮದುಮಗಳನ್ನು ಮಣೆಯ ಮೇಲೆ ಕೂರಿಸಿದೆವು. ಸುತ್ತ ಹೆಂಗಸರು, ಬುಟ್ಟಿ ತುಂಬ ಮಲ್ಲಿಗೆ ಮೊಗ್ಗು. ಎಲ್ಲರ ಕಣ್ಣೂ ಚಿಗವ್ವನ ಮೋಟು ತಲೆಯ ಮೇಲೆ. ಅವಳು ಮದುಮಗಳ ಕೂದಲನ್ನು ಒಮ್ಮೆ ಬಾಚಿ, ಬಾಚಣಿಗೆಯನ್ನು ನನ್ನ ಕಡೆ ಚಾಚಿದಳು.

"ನೀ ಹಾಕು ಜಡಿ."

"ನಾ ಒಲ್ಲೆ" ಎಂದು ಪಿಸುಗುಟ್ಟಿದೆ. "ಅಂಜಿಕಿ ಬರ್ತೈತಿ ಚಿಗವ್ವ."

"ಬರ್ಲಿ. ಅಂಜಿ ಹಾಕಿದ ಜಡಿ ಬಿಗಿ ಬರ್ತೈತಿ."

ಹಾಕಿದೆ. ಮೊಗ್ಗಿನ ಸಾಲು ಒಂದೊಂದೇ ಕೂರಿಸಿ ಹೊಲಿಯುತ್ತ ಕೆಳಗಿಳಿಯಲು ಒಂದು ತಾಸಿನ ಮೇಲೆ ಹಿಡಿಯಿತು. ತಾಯಿ ಬಾಗಿಲಲ್ಲೇ ನಿಂತು ನನ್ನ ಕೈಯ ಮೇಲಿಂದ ಕಣ್ಣು ಕೀಳಲಿಲ್ಲ. ನೆರೆದ ಹೆಂಗಸರೂ ಅಷ್ಟೇ. ಚಿಗವ್ವ ಒಬ್ಬಳು ಮಾತ್ರ ನನಗೆ ಬೆನ್ನು ಮಾಡಿ ಕುಳಿತು ಇನ್ನೊಬ್ಬಾಕೆಯ ಸೀರೆಗೆ ಪಿನ್ ಹಚ್ಚುತ್ತಿದ್ದಳು. ತಲೆಯೆತ್ತಿದಾಗಲೆಲ್ಲ ಅವಳ ಬರಿಯ ಕುತ್ತಿಗೆ ನನ್ನ ಕಣ್ಣೆದುರೇ ಇತ್ತು. ಜಡೆ ಮುಗಿಯುವವರೆಗೂ ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.